ಎತ್ತಿಡದ ತುತ್ತು

ಗ್ರೀಕ್ ದೇವರುಗಳು ವೇಷ ಮರೆಸಿಕೊಂಡು ಮೈಸೂರಿನ ಮನೆಗಳಿಗೆ ಊಟಕ್ಕೆ ಬರತೊಡಗಿದ ಮೇಲೆ, ಬಂದವರಿಗೆ ಬಡಿಸುವ ಮುನ್ನ ಹೆಸರು ಕೇಳುವಂತಿರಲಿಲ್ಲ. ಇದೇ ನೆಪದಲ್ಲಿ ಪುಕ್ಕಟೆ ಉಂಡು ಹೋಗುವವರಿಗೂ ಬರವಿರಲಿಲ್ಲ. ಕಳೆದ ವಾರ ತಾನು ದೇವರುಗಳ ರಾಜ ಝ್ಯೂಸ್ ಎಂದವನೊಬ್ಬ ಹನ್ನೆರಡು ಹೋಳಿಗೆ ಮುಗಿಸಿ, ಬಾಗಿಲಲ್ಲಿದ್ದ ಕೊಡೆಯನ್ನೂ ಎತ್ತಿಕೊಂಡು ಹೋಗಿದ್ದ. ಹಾಗಾಗಿ ವಾರಿಜಾಕ್ಷಿ ಇವತ್ತು ಬಂದ ಅಜ್ಜಿಯ ಮೇಲೆ ಒಂದು ಕಣ್ಣಿಟ್ಟೇ ಬಡಿಸಿದಳು.

ಸ್ವತಃ ಝ್ಯೂಸನೇ ಬಂದರೂ ಮೊದಲ ತುತ್ತನ್ನು ಒಲೆಯ ದೇವತೆ ಹೆಸ್ತಿಯಾಳಿಗೆ ಎತ್ತಿಟ್ಟು ಉಣ್ಣಬೇಕು. ಅಜ್ಜಿ ಮಾತ್ರ ಹುಳಿಯನ್ನ ಕಲಸಿ ನೇರವಾಗಿ ಬಾಯಿಗಿಟ್ಟಳು.

"ಸಿಕ್ಕಿಬಿದ್ರಲ್ಲ!" ವಾರಿಜಾಕ್ಷಿ ತಟ್ಟೆ ಎಳೆದುಕೊಂಡಳು. "ಹೆಸ್ತಿಯಮ್ಮಂಗೆ ಎತ್ತಿಡದೆ ಯಾವ ದೇವರು ತಿನ್ನುತ್ತೆ? ಏಳಿ ಮೇಲೆ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. "ನನಗೆ ನಾನೇ ಹೇಗಮ್ಮಾ ಎತ್ತಿಟ್ಕೊಳ್ಳಲಿ?" ಎಂದವಳೇ ಚಪ್ಪಲಿ ಮೆಟ್ಟಿ ಹೊರಟಳು.

ಅಬ್ಬಾ, ನಾಲಿಗೆಯೇ ಎಂದುಕೊಂಡು ವಾರಿಜಾಕ್ಷಿ ಚಿಲಕ ಹಾಕಿ ಅಡುಗೆಮನೆಗೆ ಬಂದಳು. ಉರಿಯುತ್ತಿದ್ದ ಒಲೆ ಆರಿತ್ತು. ಪೊಟ್ಟಣದಲ್ಲಿದ್ದ ಬೆಂಕಿಕಡ್ಡಿಗಳನ್ನೆಲ್ಲ ಒಂದೊಂದಾಗಿ ಗೀರಿದಳು. ಒಂದೂ ಹತ್ತಲಿಲ್ಲ.