ಸೈತಾನನ ಮೀಸೆ

ಚಪ್ಪಲಿ ಬಿಡುವಷ್ಟೂ ತಾಳ್ಮೆಯಿಲ್ಲದೆ ಆಬಾಸಾಹೇಬರು ಅಂಕಲಿಯ ಚರ್ಚಿಗೆ ನುಗ್ಗಿದರು. ಅಲ್ಲಿಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಬಂದದ್ದೂ ದೇವರನ್ನು ನೋಡಲಿಕ್ಕಲ್ಲ, ಸೈತಾನನನ್ನು.

ಬೆಳಿಗ್ಗೆ ಚಹಾ ಕೊಡುತ್ತ ಹೆಂಡತಿ ರಾಜಮತಿ ಹೇಳಿದ್ದಳು: “ಚರ್ಚಿನ ಗ್ವಾಡಿ ಚಿತ್ರದಾಗ ಪೇಂಟರ್ ಲಗಮಪ್ಪ ನಿಮ್ಮ ಮಾರಿ ತಗದಾನಂತ್ರಿ.” ಪೂರ್ತಿ ಕೇಳುವ ಚಟ ಸಾಹೇಬರಿಗೆ ಎಂದೂ ಇರಲಿಲ್ಲ. ಆ ಚಿತ್ರದಲ್ಲಿ ಸೈತಾನನಿದ್ದಾನೆಂದು ಊರವರು ಆಡಿಕೊಂಡದ್ದು ನೆನಪಾಗಿ, ಬಸಿಯಲ್ಲಿ ಚಹಾ ಬಿಟ್ಟೇ ಎದ್ದಿದ್ದರು.

ಯೇಸು ಪಾತಾಳಕ್ಕಿಳಿದು ಸತ್ತವರನ್ನು ಬಿಡಿಸಿ ತರುವ ಚಿತ್ರ ಅದು. ಗೋಡೆಯ ತುದಿತನಕ ಇತ್ತು. ನಡುವೆ ಯೇಸು, ಎರಡೂ ಕೈಯಲ್ಲಿ ಆದಾಮನನ್ನೂ ಹವ್ವಳನ್ನೂ ಗೋರಿಯಿಂದ ಎಳೆಯುತ್ತಿದ್ದಾನೆ. ಕಾಲಡಿಯಲ್ಲಿ ಮುರಿದುಬಿದ್ದ ನರಕದ ಬಾಗಿಲು, ಚೆಲ್ಲಾಪಿಲ್ಲಿಯಾದ ಕೀಲಿಗಳು. ತೀರ ಕೆಳಗೆ, ಸಾಹೇಬರ ಮೊಣಕಾಲಿನ ಎತ್ತರದಲ್ಲಿ, ಬಾಗಿಲಡಿ ಅಪ್ಪಚ್ಚಿಯಾದ ಸೈತಾನ. ಬಯಲಾಟದ ರಕ್ಕಸರಿಗೆ ಇರುವಂಥದ್ದೇ ಹುರಿ ಮೀಸೆ. ಸಾಹೇಬರ ಕೈ ತಾನಾಗಿ ತಮ್ಮ ಮೀಸೆಗೆ ಹೋಯಿತು.

ಅದರಲ್ಲೂ ಆ ಕೀಲಿಗಳು! ನೀರಾವರಿ ಸಂಘದ ಅಧ್ಯಕ್ಷರಾದ ದಿನದಿಂದ ಪಂಪ್‌ಹೌಸಿನ ಕೀಲಿ ಇದ್ದದ್ದು ಸಾಹೇಬರ ಸೊಂಟದಲ್ಲಿ. ಅವರ ದ್ರಾಕ್ಷಿ ತೋಟ ಕುಡಿದು ತೇಗಿದ ಮೇಲೆಯೇ ಉಳಿದವರ ಕಬ್ಬಿಗೆ ನೀರು. ರವಿವಾರ ಈಸ್ಟರ್, ಊರಿಗೆ ಊರೇ ಚಿತ್ರ ನೋಡಲು ಬರುತ್ತದೆ. ಸೋಮವಾರ ಸಂಘದ ಚುನಾವಣೆ. ಕುರ್ಚಿ ಹೋದರೆ ಕೀಲಿಯೂ ಹೋಯಿತು.

ಲಗಮಪ್ಪನೋ, ನೋಡದೆ ಒಂದು ಮೂಗನ್ನೂ ಬರೆಯಲಾರದವ. ಸರ್ಕಲ್ಲಿನಲ್ಲಿ ಯಾರ ಹುಟ್ಟುಹಬ್ಬದ ಬ್ಯಾನರ್ ಇದೆಯೋ ಅವರ ಮುಖವೇ ಅವನ ಗೋಡೆಗೂ ಬರುತ್ತಿತ್ತು. ಸಾಹೇಬರ ಹುಟ್ಟುಹಬ್ಬ ವರ್ಷಕ್ಕೊಮ್ಮೆ ಬಂದರೂ ಬ್ಯಾನರ್ ಮಾತ್ರ ವರ್ಷವಿಡೀ ಇರುತ್ತಿತ್ತು.

“ನನ್ನ ಮಾರಿ ತಗದೀಯೋ ಇಲ್ಲೋ?” ಅಲ್ಲೇ ಕುಂಚ ತೊಳೆಯುತ್ತಿದ್ದ ಲಗಮಪ್ಪನತ್ತ ತಿರುಗಿ ಸಾಹೇಬರು ಗುಡುಗಿದರು.

“ತಗದೇನ್ರಿ. ಸುಳ್ಳ ಯಾಕ ಹೇಳ್ಲಿ?” ಎಂದ ಲಗಮಪ್ಪ. “ಈ ಕಟ್ಟಡಕ್ಕ ನೀವು ನೀರ ಬಿಟ್ಟಿದ್ರಿ. ಅದಕ್ಕ ಫಾದರ್ ಅವ್ರು—”

“ನಿನ್ನ ಪುರಾಣ ಬ್ಯಾಡ! ಎಲ್ಲಾರೂ ಗುರ್ತ ಹಿಡೀತಾರಲೇ!”

“ಹಿಡೀಲೆಂತಾನ ತಗದದ್ರಿ.”

ಇಷ್ಟು ಸೊಕ್ಕೇ! ಸಾಹೇಬರು ಸೈತಾನನನ್ನು ಇನ್ನೊಮ್ಮೆ ನೋಡಿದರು. ಅವನೂ ಅವರನ್ನೇ ದುರುಗುಟ್ಟಿ ನೋಡುತ್ತಿದ್ದ. ಅದಕ್ಕಿಂತ ಮೇಲೆ ಕಣ್ಣೆತ್ತುವ ವ್ಯವಧಾನ ಅವರಿಗಿರಲಿಲ್ಲ.

“ಅಳಸು. ಈಗಿಂದೀಗ ನನ್ನ ಮಾರಿ ಅಳಸು.”

“ಖರೇನ ಅಳಸ್ಲೇನ್ರಿ? ಫಾದರ್ ಅವ್ರಿಗೆ ಕೆಟ್ಟ ಅನಸ್ತೈತಿ. ನನಗೂ ಅನಸ್ತೈತ್ರಿ.”

“ಅನಸ್ಲಿ! ನನ್ನ ಕಣ್ಣ ಮುಂದ ಅಳಸು!”

ಲಗಮಪ್ಪ ನಿಟ್ಟುಸಿರು ಬಿಟ್ಟ. ಸುಣ್ಣದ ಡಬ್ಬಿ ಎತ್ತಿಕೊಂಡ. ಮೂಲೆಯಲ್ಲಿದ್ದ ಏಣಿಯನ್ನು ತಂದು ಗೋಡೆಗೆ ಆನಿಸಿದ.

ಮೇಲಕ್ಕೆ ಹತ್ತಿ, ಯೇಸು ಕೈಹಿಡಿದು ಗೋರಿಯಿಂದ ಎತ್ತುತ್ತಿದ್ದ ಆದಾಮನ ಮುಖಕ್ಕೆ ಸುಣ್ಣ ಬಳಿದ.