ಗೆದ್ದವರಿಗೆ ಕಣ್ಣು

ಕುರುಡರ ನೂರು ಮೀಟರ್ ಓಟದಲ್ಲಿ ಗೆದ್ದವರಿಗೆ ಸರ್ಕಾರ ಪದಕದ ಜೊತೆ ಕಣ್ಣನ್ನೂ ಕೊಡುತ್ತಿತ್ತು. ಬೇಡ ಎನ್ನುವಂತಿರಲಿಲ್ಲ. ಡಾಕ್ಟರು ಮೈದಾನದ ಅಂಚಿನಲ್ಲೇ ಪೆಟ್ಟಿಗೆ ತೆರೆದು ಕೂತಿರುತ್ತಿದ್ದರು. ಕಣ್ಣು ಬಂದವರು ಮತ್ತೆ ಈ ಓಟ ಓಡುವಂತಿಲ್ಲ.

ಫೈನಲ್‌ಗೆ ಹುಲಿಗೆವ್ವ ಗೆರೆಯ ಮೇಲೆ ಕೈಯೂರಿ ಕೂತಳು. ದಾರಿ ತೋರಲು ಜೊತೆಗೆ ಓಡುವ ಚನಬಸವ್ವನ ಕೈಗೂ ಅವಳ ಕೈಗೂ ಒಂದೇ ದಾರ.

“ನಾಳೆ ನನ್ನ ಮುಖಾ ನೋಡತಿ ತಂಗಿ,” ಎಂದಳು ಚನಬಸವ್ವ.

“ಅದನ್ನ ನೋಡಾಕ ನನ್ನ ಓಟ ಕೊಡಬೇಕೇನ? ಅಷ್ಟ ಚೆಂದ ಅದೀಯೇನ ಯಕ್ಕಾ?”

ಚನಬಸವ್ವನಿಗೆ ನಗು ಬರಲಿಲ್ಲ. “ಹಂಗಾದ್ರ ಸೋತಬಿಡು.”

“ಸೋಲೂದು ನನ್ನ ಕಾಲಿಗೆ ಗೊತ್ತಿಲ್ಲ.”

ಪಿಸ್ತೂಲು ಸಿಡಿಯಿತು. ಉಳಿದವರ ಉಸಿರಿನ ಸದ್ದು ಒಂದೊಂದಾಗಿ ಹಿಂದೆ ಬಿತ್ತು. ಕೊನೆಯ ಗೆರೆ ಹತ್ತಿರವಾಗುತ್ತಲೇ ಚನಬಸವ್ವ ರೂಢಿಯಂತೆ ಅರೆಹೆಜ್ಜೆ ಹಿಂದೆ ಸರಿದಳು. ಜೊತೆಗಾತಿ ಮೊದಲು ದಾಟಿದರೆ ಇಬ್ಬರೂ ಅನರ್ಹರು. ದಾರ ಸಡಿಲಾದದ್ದು ಹುಲಿಗೆವ್ವನಿಗೆ ತಿಳಿಯಿತು. ಅವಳು ಜೋರಾಗಿ ಜಗ್ಗಿದಳು. ಚನಬಸವ್ವ ಮುಗ್ಗರಿಸಿ ಅವಳಿಗಿಂತ ಮೊದಲೇ ಗೆರೆ ದಾಟಿ ಬಿದ್ದಳು.

ಮೈಕು ‘ಅನರ್ಹ’ ಎಂದು ಕೂಗಿತು. ಅಂಚಿನಲ್ಲಿ ಪೆಟ್ಟಿಗೆ ಮುಚ್ಚಿದ ಸದ್ದಾಯಿತು.

“ಎಲ್ಲಾರಿಗಿಂತ ಮುಂದ ಇದ್ನಿ, ಹೌದಿಲ್ಲೊ ಯಕ್ಕಾ?”

“ಹೂಂ. ಇಡೀ ಮೈದಾನ ನೋಡೇತಿ.”

“ನೋಡಾಕ ಅವರ ಕಣ್ಣ ಸಾಕು,” ಎಂದು ಹುಲಿಗೆವ್ವ ಅವಳನ್ನು ಎಬ್ಬಿಸಲು ಕೈ ಚಾಚಿದಳು.