ತಪ್ಪಿಸಿಕೊಂಡ ಪೇಷಂಟು

ಸೂಜಿ ಸಿಕ್ಕಿತು. ಕೋತಿ ಸಿಗಲಿಲ್ಲ.

ಡಾಕ್ಟರ್ ಸೌಮ್ಯ ಮಾವಿನ ಮರದ ಬುಡದಿಂದ ಅರಿವಳಿಕೆಯ ಸೂಜಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು. ಖಾಲಿ. ಔಷಧವೆಲ್ಲ ತಾಯಿಕೋತಿಯ ತೊಡೆಯೊಳಗೆ ಇಳಿದಿದೆ. ಅದು ಈ ತೋಪಿನಲ್ಲೋ, ಆಚೆಯ ಹಿಪ್ಪುನೇರಳೆ ಹೊಲದಲ್ಲೋ ಮೈಮರೆತು ಬಿದ್ದಿರಬೇಕು. ಎಚ್ಚರವಾಗುವ ಮುಂಚೆ ನಾಯಿಗಳ ಕಣ್ಣಿಗೆ ಬಿದ್ದರೆ ಮುಗಿಯಿತು.

ಗಾಯಗೊಂಡ ಕಾಡುಪ್ರಾಣಿ ಎಲ್ಲಿದ್ದರೆ ಅಲ್ಲಿಗೇ ಆಸ್ಪತ್ರೆ ಹೊತ್ತು ಹೋಗುವ ಜೀಪು ಅವಳದು. ರಾಮನಗರದ ಕರಡಿ, ಮಾಗಡಿಯ ಚಿರತೆ, ಕನಕಪುರದ ಆನೆ, ಎಲ್ಲವೂ ಅವಳ ಕೈಯಲ್ಲಿ ಮಲಗಿ ಎದ್ದಿದ್ದವು. ದೊಡ್ಡಆಲಹಳ್ಳಿ ಕಡೆಯ ಈ ಪುಟ್ಟ ಊರಿಗೆ ಇವತ್ತು ಬಂದದ್ದು ಒಂದು ಕೋತಿಗಾಗಿ. ಹಂದಿಗೆ ಒಡ್ಡಿದ್ದ ಉರುಳಿನ ತಂತಿ ಅದರ ಮುಂಗೈ ಕಚ್ಚಿ ಕೀವಾಗಿತ್ತು. ಮಲಗಿಸಿ, ತಂತಿ ಕತ್ತರಿಸಿ, ಮದ್ದು ಹಾಕಿದರೆ ಆಯಿತು. ಆದರೆ ಸೂಜಿ ತಗುಲಿದ್ದೇ ಅದು ಮರದಿಂದ ಮರಕ್ಕೆ ಹಾರಿ ಮಾಯವಾಯಿತು. ಹೊಟ್ಟೆಗಂಟಿದ್ದ ಮರಿ ಮಾತ್ರ ಕೈಜಾರಿ ಡ್ರೈವರ್ ಅಸ್ಗರನ ಟವೆಲಿಗೆ ಬಿತ್ತು.

ಈಗ ಅದು ಅವನ ಅಂಗಿಯೊಳಗೆ ಕಿರುಚುತ್ತಿತ್ತು.

"ತಾಯಿ ಸಿಗದಿದ್ರೆ ಇದರ ಗತಿ ಏನು ಮೇಡಂ?"

"ಬೋನಿನಲ್ಲಿ ಬಾಟಲಿ ಹಾಲು. ಆಯುಸ್ಸು ಪೂರ್ತಿ."

ಅಸ್ಗರ್ ಅಂಗಿಯ ಮೇಲೆ ಮೆಲ್ಲಗೆ ತಟ್ಟಿದ. ಮನೆಯಲ್ಲಿ ಮೂರು ಮಕ್ಕಳಿದ್ದರು. ಆ ತಟ್ಟುವಿಕೆಗೆ ಒಂದೂ ಮಲಗಿದ್ದಿಲ್ಲ.

ತೋಪು ಸುತ್ತಿದ್ದಾಯಿತು, ಹೊಲ ಸುತ್ತಿದ್ದಾಯಿತು. ಇಬ್ಬರಿಂದ ಆಗುವ ಕೆಲಸವಲ್ಲ, ಊರವರು ಬೇಕು. ಸೌಮ್ಯ ಜೀಪು ಹತ್ತುತ್ತಾ ಎಚ್ಚರಿಸಿದಳು.

"ಅಸ್ಗರಣ್ಣ, ಕೋತಿ ಅನ್ನೋ ಮಾತೇ ಎತ್ತಬೇಡಿ. ಹನುಮಪ್ಪನಿಗೆ ಸೂಜಿ ಹೊಡೆದರು ಅಂತ ಹಿಂದೊಂದು ಊರಲ್ಲಿ ಜೀಪಿನ ಗಾಳಿ ಬಿಟ್ಟಿದ್ರು. ನೆನಪಿದೆಯಲ್ಲ?"

"ನಾಲ್ಕೂ ಚಕ್ರ, ಮೇಡಂ. ಸ್ಟೆಪ್ನೀನೂ ಬಿಡಲಿಲ್ಲ."

ಊರಲ್ಲಿ ಒಂದು ಮನೆಯಲ್ಲೂ ಜನರಿಲ್ಲ. ತಿರುವು ದಾಟಿದರೆ ರಸ್ತೆ ತುಂಬಾ ಜನ. ತಮಟೆ, ಪಟಾಕಿ, ಪುರಿ ಎರಚಾಟ. ಸಾವಿನ ಮೆರವಣಿಗೆ. ಕುರ್ಚಿಗೆ ಬಿದಿರು ಕಟ್ಟಿ ಕೂರಿಸಿಕೊಂಡು ಹೊರಟಿದ್ದರು. ಚೆಂಡುಹೂವಿನ ಹಾರಗಳ ರಾಶಿಯಲ್ಲಿ ಮುಖವೂ ಕಾಣುತ್ತಿರಲಿಲ್ಲ. ಹೊತ್ತವರ ಹೆಗಲ ಮೇಲೆ ಕುರ್ಚಿ ಹೂವಿನ ಬುಟ್ಟಿಯಂತೆ ಕುಣಿಯುತ್ತಿತ್ತು.

"ಸಣ್ಣ ಮೈಯವರು ಪಾಪ," ಎಂದು ಅಸ್ಗರ್ ಜೀಪು ನಿಲ್ಲಿಸಿ ಇಳಿದು ತಲೆ ಬಾಗಿಸಿದ.

ಮುಂದೆ ಬೆಂಕಿಯ ಮಡಕೆ ಹಿಡಿದಿದ್ದವನು ಊರಿನ ಬೋರಲಿಂಗಯ್ಯ. ತಲೆ, ಮೀಸೆ ಎರಡೂ ಆಗತಾನೆ ಬೋಳಾಗಿದ್ದವು. ಮಗನೇ ಇರಬೇಕು. ಇಂಥ ಹೊತ್ತಿನಲ್ಲಿ ಸಹಾಯ ಕೇಳಲು ಸೌಮ್ಯಳಿಗೆ ಬಾಯಿ ಬರಲಿಲ್ಲ.

"ಕಾಯಿಲೆ ಏನಾದ್ರೂ ಇತ್ತಾ?"

"ಏನಿಲ್ಲ ಕಣವ್ವ. ಬೆಳಿಗ್ಗೆ ಚೆನ್ನಾಗೇ ಓಡಾಡ್ಕಂಡಿದ್ರು. ನಮ್ಮ ಹಿತ್ತಲಲ್ಲೇ ಒರಗಿದೋರು ಏಳಲೇ ಇಲ್ಲ. ಪುಣ್ಯವಂತರ ಸಾವು."

"ಇಷ್ಟು ಬೇಗ ಎತ್ತಿಬಿಟ್ರಲ್ಲ?"

"ಹೊತ್ತು ಮುಳುಗಾಕ್ಕೆ ಮುಂಚೆ ಮಣ್ಣಾಗ್ಬೇಕು, ನಮ್ಮೂರ ಪದ್ಧತಿ."

ಪಕ್ಕದಲ್ಲಿ ಅವನ ಹೆಂಡತಿ ಮುನಿಯಮ್ಮ ಎದೆ ಬಡಿದುಕೊಂಡಳು. "ಅಡಿಗೆಮನೇಗೆ ಬಂದು ಒಂದು ರೊಟ್ಟಿ ತಗಂಡಿದ್ಕೆ ಬಾಯಿಗೆ ಬಂದಂಗೆ ಬೈದ್ಬುಟ್ಟೆನಲ್ಲಪ್ಪೋ! ಕೋಲು ಬ್ಯಾರೆ ಎತ್ತಿದ್ನಲ್ಲೋ!"

ಸೌಮ್ಯಳಿಗೆ ಅತ್ತೆಯ ನೆನಪು ಬಂತು. ಇವತ್ತು ಸಂಜೆ ಅವರೇ ಕೇಳುವ ಮುಂಚೆ ಕಾಫಿ ಕೊಡಬೇಕು.

"ನೀವು ಬಂದಿದ್ದೇನ್ ತಾಯಿ?" ಎಂದ ಬೋರಲಿಂಗಯ್ಯ.

"ನಮ್ಮ ಪೇಷಂಟ್ ಒಬ್ಬರು ತಪ್ಪಿಸ್ಕೊಂಡಿದಾರೆ. ಹುಡುಕೋಕೆ ಒಂದಷ್ಟು ಜನ..."

"ಅಯ್ಯೋ, ಅದಕ್ಕೇನು! ಈ ಮಣ್ಣು ಒಂದು ಮುಗೀಲಿ, ಊರಿಗೂರೇ ಬತ್ತೀವಿ."

ಅಷ್ಟರಲ್ಲಿ ಕುರ್ಚಿ ಜೀಪಿನ ಪಕ್ಕಕ್ಕೇ ಬಂತು. ಅಸ್ಗರನ ಅಂಗಿಯೊಳಗೆ ಪ್ರಳಯವಾಯಿತು. ಮರಿ ಎದೆ ಪರಚಿ, ಕುತ್ತಿಗೆಯವರೆಗೂ ಏರಿ ಕೀಚಲು ದನಿ ತೆಗೆಯಿತು.

"ಏನಣ್ಣ ಅದು ಸದ್ದು?" ಎಂದ ತಮಟೆಯವನು.

"ಗ್ಯಾಸ್ಟ್ರಿಕ್ಕು," ಎಂದು ಅಸ್ಗರ್ ಹೊಟ್ಟೆ ಅವುಚಿಕೊಂಡ.

"ತಮಟೆಗೆ ಹೆದರಿದೆ," ಎಂದು ಸೌಮ್ಯ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ಸ್ವಲ್ಪ ತಡ್ಕೊಳಿ."

ಬೇರೆ ದಾರಿ ಇರಲಿಲ್ಲ. ಇಬ್ಬರೂ ಮೆರವಣಿಗೆಯ ಹಿಂದೆ ನಡೆದರು. ಸೌಮ್ಯಳ ಕಣ್ಣು ಮಾತ್ರ ಬೇಲಿ, ಪೊದೆ, ಮರದ ಬುಡಗಳ ಮೇಲೆ. ಔಷಧದ ಅಮಲು ಇಳಿಯುವ ಹೊತ್ತಾಗುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಿದರೂ ನಿಂತು ಅತ್ತ ತಿರುಗಿ ನೋಡುತ್ತಿದ್ದಳು. ಇಷ್ಟು ಜನ ಒಂದು ಗಳಿಗೆ ತೋಪಿಗೆ ಬಂದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಇವರೋ, ಹೋದ ಜೀವದ ಹಿಂದೆ ಕುಣಿಯುತ್ತಿದ್ದರು.

ಗುಂಡಿಯ ಪಕ್ಕದಲ್ಲಿ ಕುರ್ಚಿ ಇಳಿಸಿದರು. ಒಬ್ಬೊಬ್ಬರಾಗಿ ಬಂದು ಪಾದದ ಹತ್ತಿರ ಹಾಲು ಬಿಟ್ಟರು. ಸಾಲು ಕರಗುವಂತೆಯೇ ಇಲ್ಲ. ಒಬ್ಬ ಮುದುಕ ಮೂರು ಸಲ ಬಂದ.

"ಇನ್ನೂ ಎಷ್ಟು ಹೊತ್ತು?" ಸೌಮ್ಯಳಿಗೆ ತಡೆಯಲಾಗಲಿಲ್ಲ.

"ಆಯ್ತು, ಆಯ್ತು. ಬಾಯಿಗೆ ಬುಡೋದು ಒಂದೇ ಬಾಕಿ," ಎಂದ ಬೋರಲಿಂಗಯ್ಯ. ಆಮೇಲೆ ಅವನಿಗೇ ಏನೋ ಹೊಳೆದಂತಾಯಿತು. "ಡಾಕ್ಟ್ರಮ್ಮ, ಸಮಯಕ್ಕೆ ದೇವರು ಕಳಿಸ್ದಂಗೆ ಬಂದಿದೀರ. ನೀವೇ ಒಸಿ ಬುಡಿ. ನಿಮ್ಮ ಕೈಗುಣ ದೊಡ್ಡದು ಅಂತಾರೆ."

"ನಾನಾ? ನಾನು ಹೊರಗಿನವಳು."

"ಊರಿಗೇ ಬಂಧು ಅವರು. ಹೊರಗಿನೋರು ಅಂತ ಯಾರೂ ಇಲ್ಲ."

ಬೇಗ ಮುಗಿದರೆ ಸಾಕಾಗಿತ್ತು. ಸೌಮ್ಯ ಚಪ್ಪಲಿ ಬಿಟ್ಟಳು, ಲೋಟ ಹಿಡಿದಳು, ಕುರ್ಚಿಯ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದಳು. ಯಾರೇ ಇರಲಿ, ಶಾಂತಿ ಸಿಗಲಿ. ಹಿಂದಿನಿಂದ ಅಸ್ಗರನ ಅಂಗಿಯ ಗುಂಡಿ ಪಟ್ಟೆಂದು ಕಿತ್ತುಹೋದ ಸದ್ದು ಕೇಳಿತು.

ಮುನಿಯಮ್ಮ ಬಿಕ್ಕುತ್ತಾ ಮೇಲಿನ ಹಾರ ಸರಿಸಿದಳು. ಹೂವಿನೊಳಗಿಂದ ರೋಮ ತುಂಬಿದ ಪುಟ್ಟ ಕೈಯೊಂದು ನಿಧಾನವಾಗಿ ಹೊರಬಂದು ಡಾಕ್ಟರಮ್ಮನ ಲೋಟವನ್ನು ಕಿತ್ತುಕೊಂಡಿತು.